ಅರೆ ಮತ್ತು ಅರೆಕಾಲು

ನಮ್ಮ ಅಂಕಿಯಲ್ಲಿ ಐದು ಎಂದರೆ ದುಂಡು ರೊಟ್ಟಿ,
ಎಂಟು ಎಂದರೆ ಎರಡು ಇಳಿಜಾರು ಒಂದಕ್ಕೊಂದು ಒರಗಿದ ಮಾಡು.
ಎಂಟರಲ್ಲಿ ಐದನ್ನು ಬರೆದರೆ
ಅಡ್ಡಗೆರೆಯ ಮೇಲೆ ರೊಟ್ಟಿ, ಕೆಳಗೆ ಮನೆ.
ಇಷ್ಟು ಬರೆದು ಸೀಮೆಸುಣ್ಣ ಕೆಳಗಿಟ್ಟೆ.

ಕೂಸ್ ಪಟ್ಟಣ, ನೈಲಿನ ಮೂಡಣ ದಂಡೆ.
ಸಕ್ಕರೆ ಕಾರ್ಖಾನೆಯ ಹೊಗೆ ಕಿಟಕಿಯಲ್ಲಿ
ಸುಟ್ಟ ಬೆಲ್ಲದ ವಾಸನೆ ಬಿಟ್ಟು ಹೋಗುವ ಹೊತ್ತು.
ಶಾಲೆ ಬಿಟ್ಟ ಮೇಲೂ ಬಿಡದೆ ಕೂರಿಸಿಕೊಂಡ
ಎಂಟು ಮಕ್ಕಳು, ಪಟ್ಟಿಯ ಪ್ರಕಾರ ಲೆಕ್ಕದಲ್ಲಿ ದಡ್ಡರು,
ಮೇಜಿನ ಮೇಲೆ ತೌಡು ಮೆತ್ತಿದ ಐದು ರೊಟ್ಟಿ.

ಪುಸ್ತಕ ಹೇಳುತ್ತದೆ: ಒಂದೊಂದನ್ನೂ ಎಂಟು ಚೂರು ಮಾಡಿ,
ತಲೆಗೆ ಐದು ಹಂಚಿ.
ಅರೆಕಾಲು, ಅರೆಕಾಲು, ಅರೆಕಾಲು,
ಅರೆಕಾಲು, ಅರೆಕಾಲು. ಕೂಡಿದರೆ ಉತ್ತರ.
ಬಿಶೋಯ್ ಚಾಕು ಕೇಳಿದ.
ಸಬ್ರೀನ್ ಮೂಗು ಮುರಿದಳು:
"ಅದು ರೊಟ್ಟಿಯಲ್ಲ ಅಬ್ಲಾ, ಕೋಳಿಗೆ ಎರಚೋದು."

ಬೇರೆ ಥರ ಒಡೆಯಿರಿ ಎಂದೆ.
ಎಂಟರಲ್ಲಿ ಮೂರು, ಎಂಟರಲ್ಲಿ ಎರಡು, ಎಂದ ರಗಬ್. ಸರಿ.
ಎಂಟರಲ್ಲಿ ಒಂಬತ್ತು ತಗೊಂಡು ನಾಲ್ಕು ಕಳೀಬೇಕು, ಎಂದ ಹಮ್ದಿ.
ಕೂಡೋ ಎಂದರೆ ಕಳೆಯುತ್ತೀಯಲ್ಲೋ!
"ನಮ್ಮನೇಲಿ ಹಾಗೇ ಅಬ್ಲಾ,
ಮೊದಲು ಸಾಲ ತರ್ತಾರೆ, ಆಮೇಲೆ ತೀರಿಸ್ತಾರೆ."
ಅದನ್ನೂ ಬರೆದೆ, ಬೋರ್ಡಿನ ಮೂಲೆಯಲ್ಲಿ, ಚಿಕ್ಕದಾಗಿ.

ಸಬ್ರೀನಳ ಮನೆಯಲ್ಲಿ ಎಂಟು ಬಾಯಿ,
ರೇಷನ್ ಕಾರ್ಡಿನಲ್ಲಿ ಅಜ್ಜಿಯ ಹೆಸರೊಂದೇ,
ದಿನಕ್ಕೆ ಐದು.
ಎದ್ದು ಬಂದವಳು ನನ್ನನ್ನು ಕೇಳಲೂ ಇಲ್ಲ,
ನಾಲ್ಕು ರೊಟ್ಟಿಯನ್ನು ನಡುವಿಗೆ ಹರಿದು
ಒಬ್ಬೊಬ್ಬರ ಮುಂದೆ ಒಂದೊಂದು ಅರೆ ಇಟ್ಟಳು.
"ಮೊದಲು ಎಲ್ಲರ ಕೈಯಲ್ಲೂ ಹಿಡಿಯೋಷ್ಟು ಇರಬೇಕು.
ಉಳಿದಿದ್ದನ್ನ ಆಮೇಲೆ ಎಂಟು ಮಾಡಿದರಾಯ್ತು."

ಅರೆ, ಮೇಲೊಂದು ಅರೆಕಾಲು.
ಛೇದ ಕೆಳಗೆ, ಅಂಶ ಮೇಲೆ ಎಂದು
ಹದಿನಾರು ವರ್ಷ ಬಾಯಿಪಾಠ ಮಾಡಿಸಿದವಳು ನಾನು,
ಸುಮ್ಮನೆ ನಿಂತೆ.

ಐದನೆಯದು ಕೈಯಲ್ಲಿದ್ದಂತೆ ಅವಳು ತಡೆದಳು.
"ಅಬ್ಲಾ, ನಿಮಗೆ?"

ನನ್ನನ್ನು ನಾನು ಎಣಿಸಿರಲಿಲ್ಲ.
ಊಟ ಆಗಿದೆ ಎಂದೆ. ಆಗಿರಲಿಲ್ಲ.
ಎಂಟು ಹೋಗಿ ಒಂಬತ್ತಾದರೆ
ಇದು ಬೇರೆಯೇ ಭಿನ್ನರಾಶಿ, ಎಲ್ಲ ಅಳಿಸಿ
ಮೊದಲಿಂದ ಹರಿಯಬೇಕು ಎಂದೆ.
"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?
ನೆಂಟರು ಬಂದ್ರೂ ಅರೆ ಅರೆಯೇ."
ಹರಿದಳು, ಒಂದು ಅರೆ ನನ್ನ ಮುಂದೆ.
ಇನ್ನೊಂದನ್ನು ಎತ್ತಿ ತೋರಿಸಿದಳು:
"ಇದು ಮಾತ್ರ ಸಣ್ಣದಾಗುತ್ತೆ."

ಆ ಅರೆಯನ್ನು ಒಂಬತ್ತು ಮಾಡಲು ಹತ್ತು ನಿಮಿಷ.
ಬಿಶೋಯ್ ಸ್ಕೇಲು ಹಿಡಿದ, ಜಗಳವಾಯಿತು,
ಒಂದು ಚೂರು ನೆಲಕ್ಕೆ ಬಿತ್ತು;
ರಗಬ್ ಎತ್ತಿ ಮುತ್ತಿಟ್ಟು, ಹಣೆಗೊತ್ತಿ,
ತನ್ನ ಪಾಲಿಗೇ ಹಾಕಿಕೊಂಡ.
ಹದಿನೆಂಟರಲ್ಲೊಂದು. ಹೆಬ್ಬೆರಳಷ್ಟು.
ಕಾಲು, ಅರೆಕಾಲು, ವೀಸ ಎಂಬ ಹಾಗೆ
ಮುದ್ದಿನ ಹೆಸರಿಲ್ಲ ಅದಕ್ಕೆ.
ಮಾಡನ್ನು ಅಳಿಸಿ ಒಂಬತ್ತು ಬರೆದೆ.
ಮೇಲಿನ ರೊಟ್ಟಿ ಹಾಗೇ ಇತ್ತು.

ಆಗ ಬಾಗಿಲಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡಿತು.
ಕಾವಲಿನ ಮುದುಕ ಫರಗಲ್ಲಾ,
ಇನ್ನೂ ಹೋಗಲಿಲ್ಲವೇ ಎಂದು ಇಣುಕಿದವನು
ರೊಟ್ಟಿ ಕಂಡು, ಕಾಣದವನಂತೆ ನೆಲ ನೋಡಿದ.

ಹತ್ತು.

ಯಾರೂ ಕೇಳಲಿಲ್ಲ, ಯಾರೂ ಹೇಳಿಕೊಡಲಿಲ್ಲ.
ರಗಬ್ ತನ್ನ ಹೆಬ್ಬೆರಳಷ್ಟನ್ನು ಮೇಜಿನ ನಡುವೆ ಸರಿಸಿದ,
ಬಿಶೋಯ್ ಪಕ್ಕಕ್ಕೆ ತನ್ನದನ್ನು ಜೋಡಿಸಿದ,
ನಾನೂ.
ಹರಿದ ಅಂಚಿಗೆ ಹರಿದ ಅಂಚು ಸೇರಿಸುತ್ತ
ಸಬ್ರೀನ್ ಮತ್ತೆ ಒಂದು ಅರೆ ಕಟ್ಟುತ್ತಿದ್ದಳು,
ಒಂದು ಕಡೆ ಮಾತ್ರ ಹಲ್ಲು ಬಿದ್ದ ಹಾಗೆ ಸಂದಿ.

ಎಲ್ಲರೂ ಹಮ್ದಿಯ ಕಡೆ ತಿರುಗಿದರು.
ಅವನು ಆಗಲೇ ನುಂಗಿದ್ದ.
"ನಾಳೆ ತಂದು ಕೊಡ್ತೀನಿ," ಎಂದ,
ಬೋರ್ಡಿನ ಮೂಲೆಯಲ್ಲಿದ್ದ ತನ್ನ ಲೆಕ್ಕ ತೋರಿಸುತ್ತ.