ಬಿಳಿಹಲಗೆ

ನಿಯಮ ಒಂದು: ಕೋಣೆಯಲ್ಲಿ ಅಭ್ಯರ್ಥಿ ಒಬ್ಬನೇ ಇರತಕ್ಕದ್ದು.
ರೋಲಾದ ಈ ಕೋಣೆಗೆ ಆರು ಮಂಚ,
ಹೊರಗೆ ಕರ್ಫ್ಯೂ.
ಡಾಲ್ಫಿ, ಅಬ್ಬೋನು, ಬಾಬು ಮೇಸ್ತ್ರಿ, ಆ ಹೊಸ ಹುಡುಗ
ಚಾರ್ಜರು ತಲೆದಿಂಬು ಹಿಡಿದು
ಲಿಫ್ಟಿನ ಪಕ್ಕದ ಮೆಟ್ಟಿಲಲ್ಲಿ ಕೂತರು.
ನೀನು ಬರೆ ಮಾರಾಯ, ನಾವು ಕೆಮ್ಮುವುದಿಲ್ಲ.

ಕಾಗದ ಕೂಡದು. ಅಳಿಸಲು ಬರುವ ಬಿಳಿಹಲಗೆ ಆಗಬಹುದು.
ಇದ್ದದ್ದು ಒಂದೇ, ಅಡುಗೆಮನೆ ಬಾಗಿಲಿನದು:
ಯಾವ ದಿನ ಯಾರ ಸರದಿ.
ಒರೆಸಿದೆ, ಒಂದು ಮೂಲೆ ಬಿಟ್ಟು.
ಬುಧವಾರ, ಐತಪ್ಪಣ್ಣ, ಬಂಗುಡೆ.
ಆಂಬುಲೆನ್ಸು ಬರುವ ಮುಂಚೆ ಅವರೇ ಬರೆದದ್ದು.
ಹನ್ನೆರಡು ದಿನವಾಯಿತು,
ಫೋನು ಸ್ವಿಚ್ ಆಫ್.

ಲ್ಯಾಪ್‌ಟಾಪಿನೊಳಗಿಂದ ಮುಖವಿಲ್ಲದ ದನಿ:
ಮಂಚದಡಿ ತೋರಿಸಿ. ಕಿವಿ ತೋರಿಸಿ. ಮಾಸ್ಕು ತೆಗೆಯಿರಿ.
ಆ ಮೂಲೆಯಲ್ಲಿ ಏನದು ಬರಹ?
ಅಡುಗೆಯದು, ಅಂದೆ.
ಅಳಿಸಿ.

ಅಂಗಿಯ ತೋಳಿನಿಂದ ಉಜ್ಜಿದೆ.
ಆರು ಜನ ಒಂದು ಕೆಲಸವನ್ನು
ಹತ್ತು ದಿನದಲ್ಲಿ ಮುಗಿಸಿದರೆ
ಐವರಿಗೆ ಎಷ್ಟು ದಿನ?
ಇದು ಸುಲಭದ್ದು, ನನಗೆ ಬರುತ್ತಿತ್ತು.

ಜೂನಿನಲ್ಲಿ ವಿಶ್ವವಿದ್ಯಾಲಯದ ಮೇಲ್ ಬಂತು:
ಪಿಡುಗಿನ ನಿಮಿತ್ತ
ಈ ವರ್ಷ ಅಂಕ ಬೇಕಾಗಿಲ್ಲ.
ಕಟ್ಟಿದ ಹಣದ ಮಾತು ಅದರಲ್ಲಿಲ್ಲ.

ಹಲಗೆ ಮತ್ತೆ ಬಾಗಿಲಿಗೆ ಹೋಗಿದೆ.
ಬುಧವಾರವನ್ನು ಯಾರೂ ಬರೆದುಕೊಂಡಿಲ್ಲ.
ಆ ದಿನ
ಕೆಳಗಿನಿಂದ ಖುಬೂಸು ತಂದು ತಿನ್ನುತ್ತೇವೆ.