ರಿಜೆಕ್ಟ್ ಆದದ್ದನ್ನು ಮತ್ತೆ ಹಾಕುವಾಗ

ಇಶಾ ನಮಾಜು ಮುಗಿದ ಮೇಲೆ ಅರ್ಧ ಷಟರ್ ಎಳೆದು
ಬಾಪ ನನಗೊಂದು ಸ್ಟೂಲು ಹಾಕುತ್ತಾರೆ, ಗಿರಾಕಿಗಳ ಸ್ಟೂಲು.
ಶಾರ್ಜಾದ ರೋಲಾದಲ್ಲಿ, ಚಿನ್ನದಂಗಡಿಗೂ ಶವರ್ಮಾದಂಗಡಿಗೂ ನಡುವೆ
ಬಾಗಿಲಿನಷ್ಟೇ ಅಗಲದ ಟೈಪಿಂಗ್ ಸೆಂಟರು.
ಎಸಿಯ ನೀರು ಪೇಂಟಿನ ಡಬ್ಬಕ್ಕೆ ತೊಟ್ಟಿಕ್ಕುತ್ತಿದೆ.

ಹತ್ತೊಂಬತ್ತು ವರ್ಷದಿಂದ ಕಂಡವರ ಹೆಸರು ಕುಟ್ಟಿದ ಬೆರಳು:
ವೀಸಾಕ್ಕೆ, ಐಡಿಗೆ, ಹುಟ್ಟಿದ್ದಕ್ಕೆ, ಸತ್ತದ್ದಕ್ಕೆ,
ಅರಬಿಯಲ್ಲಿ ಬಲದಿಂದ, ಇಂಗ್ಲಿಷಿನಲ್ಲಿ ಎಡದಿಂದ.
ರಿಜೆಕ್ಟ್ ಎಂಬುದು ಅವರಿಗೆ ಬೈಗುಳವಲ್ಲ.
"ಫೋಟೋದ ಹಿಂದೆ ಬಿಳಿ ಇರಲಿಲ್ಲ, ಅಷ್ಟೇ" ಅನ್ನುತ್ತಾರೆ.
ನನ್ನದರಲ್ಲಿ ಎಲ್ಲಿ ಬಿಳಿ ಇರಲಿಲ್ಲವೋ
ಯಾರೂ ಬರೆದು ತಿಳಿಸಿಲ್ಲ.

ಕಳೆದ ವರ್ಷದ ಪಟ್ಟಿ ನಾನು ಮಾಡಿದ್ದಲ್ಲ,
ದೇರಾದ ಮಾವನ ಬಾಯಿ ಮಾಡಿದ್ದು.
ಏಳು ಹೆಸರು. ಮದುವೆಮನೆಯಲ್ಲಿ ಅಂದರೆ
ಬಿರಿಯಾನಿ ಬಡಿಸುವ ಸೌಟು ಗಾಳಿಯಲ್ಲೇ ನಿಲ್ಲುವಂಥವು.
ಆರು ಕಡೆಯಿಂದ ಒಂದೇ ಒಕ್ಕಣೆಯ ವಿಷಾದ.
ಏಳನೆಯವರು ಕಾಯಿರಿ ಅಂದರು, ನಂಬರು ನಲವತ್ತೊಂದು.
ಮೂವತ್ತೆಂಟಕ್ಕೆ ಬಾಗಿಲು ಹಾಕಿಕೊಂಡರು.
ನನ್ನ ಮುಂದೆ ನಿಂತಿದ್ದ ಆ ಇಬ್ಬರು
ಈಗಲೂ ಕನಸಿಗೆ ಬರುತ್ತಾರೆ, ಬೆನ್ನು ಮಾತ್ರ;
ಒಬ್ಬಳ ಜಡೆಗೆ ಹಸಿರು ರಬ್ಬರು.

ಈ ಸಲ ಪೆನ್ನು ನನ್ನ ಕೈಯಲ್ಲಿ.
ಮೊದಲು ಹೊಡೆದುಹಾಕಿದ್ದು ಮಾವನ ಅಚ್ಚುಮೆಚ್ಚಿನದನ್ನು.
ವರ್ಷಕ್ಕೆ ತೊಂಬತ್ತು ಸಾವಿರ ದಿರ್ಹಂ.
ಒಂದು ಅರ್ಜಿ ಕುಟ್ಟಿದರೆ ಬಾಪನಿಗೆ ಹದಿನೈದು:
ಆರು ಸಾವಿರ ಜನ ಈ ಸ್ಟೂಲಿನ ಮೇಲೆ
ಕೂತು ಏಳಬೇಕು, ಒಂದು ವರ್ಷದ ನನಗಾಗಿ.
ಜಾರ್ಜಿಯಾ ಅಗ್ಗ. ಪಕ್ಕದ ಫ್ಲಾಟಿನ ಜಿಬಿನ್
ಹಿಮದಲ್ಲಿ ನಿಂತ ಫೋಟೋ ಕಳಿಸುತ್ತಾನೆ, ಹಲ್ಲೆಲ್ಲ ನಗು;
ರೋಗಿಗಳು ಅಳುವುದು ಮಾತ್ರ ತಿಳಿಯುತ್ತದಂತೆ,
ಅಂದದ್ದು ತಿಳಿಯುವುದಿಲ್ಲವಂತೆ.
ಅದರ ಮೇಲೆ ಗೀಟು ಎಳೆದೆ, ಮತ್ತೆ ಅಳಿಸಿದೆ, ಮತ್ತೆ ಎಳೆದೆ.
ನಲವತ್ತೊಂದರದನ್ನು ಬಿಟ್ಟಿಲ್ಲ.
ಮಾನ ಇದ್ದವಳು ಬಿಡುತ್ತಿದ್ದಳೇನೋ.
ಸಂದರ್ಶನದಲ್ಲಿ ಅಲ್ಲಿಯ ಮುದುಕಿಯೊಬ್ಬರು
ನನ್ನ ತೊದಲು ಮುಗಿಯುವ ತನಕ ಗಡಿಯಾರ ನೋಡಿರಲಿಲ್ಲ.

ಕೊನೆಯದನ್ನು ಬರೆಯುವಾಗ ಕೈ ತಡೆಯಿತು.

ಈ ಬೇಸಿಗೆ ಸಜಾದ ಲೇಬರ್ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ
ಡಾಕ್ಟರ್ ನಶ್ವಾರ ಪಕ್ಕ ಸುಮ್ಮನೆ ಕೂತಿರುತ್ತಿದ್ದೆ,
ಅರ್ಜಿಯ "ಅನುಭವ" ಎಂಬ ಖಾಲಿ ಚೌಕ ತುಂಬಲು.
ಒಂದು ಮಧ್ಯಾಹ್ನ ಇಬ್ಬರ ಹೆಗಲ ಮೇಲೆ ಬಂದ
ಸುರಪುರದ ಮಾನಪ್ಪ, ಕಬ್ಬಿಣ ಕಟ್ಟುವವ.
ಮೂರು ಭಾಷೆಯಲ್ಲಿ ಕೇಳಿದರೂ "ಸಬ್ ಠೀಕ್" ಅಂದ.
ನಾನು ಕನ್ನಡದಲ್ಲಿ ಕೇಳಿದೆ.
ಅವನು ಗೋಡೆ ಕಡೆ ತಿರುಗಿ, ನಾಚಿ, ಮೆಲ್ಲಗೆ ಅಂದ:
"ಯಕ್ಕಾ, ಮೂರು ದಿನಾ ಆತು, ಉಚ್ಚಿ ಚಾದ ಬಣ್ಣಾ ಆಗ್ಯಾದ."
ಅಷ್ಟನ್ನೇ ಇಂಗ್ಲಿಷಿಗೆ ದಾಟಿಸಿದೆ.
ನಶ್ವಾ ಕುರ್ಚಿಯಿಂದ ಎದ್ದ ರಭಸಕ್ಕೆ ಪೆನ್ನು ಬಿತ್ತು.
ಆಂಬುಲೆನ್ಸ್ ಹೋದ ಮೇಲೆ ಅದನ್ನು ಹೆಕ್ಕಿದೆ,
ಕೊಡಲು ಮರೆತೆ. ಇದೇ ಪೆನ್ನು.

ಮಾನಪ್ಪ ಏನಾದನೋ, ಕ್ಯಾಂಪು ಬದಲಾಯಿತು, ಗೊತ್ತಾಗಲಿಲ್ಲ.
ಚೌಕದಲ್ಲಿ ಅವನ ಬಗ್ಗೆ ಬರೆದಿಲ್ಲ.
ನೂರೈವತ್ತು ಪದ ಮೀರಬಾರದಂತೆ.

ಬಾಪ ಪಟ್ಟಿಯನ್ನು ಕುಟ್ಟುತ್ತ ಬಂದು ನಿಲ್ಲುತ್ತಾರೆ.
"ರಾಯಚೂರು? ನಮ್ಮವರು ಯಾರಿದ್ದಾರೆ ಅಲ್ಲಿ?
ಅಲ್ಲಿಯ ಬಿಸಿಲು ಇಲ್ಲಿಗೇನು ಕಡಿಮೆಯಾ?"
"ಫೀಸು ಕಡಿಮೆ" ಅನ್ನುತ್ತೇನೆ.
ಅದೂ ಸುಳ್ಳಲ್ಲ.
ಕನ್ನಡಕ ಹಣೆಗೇರಿಸಿ ಒಂದು ಗಳಿಗೆ ನನ್ನನ್ನೇ ನೋಡಿ
ಕೀಲಿಗಳ ಮೇಲೆ ಊರಿನ ಹೆಸರು ಕುಟ್ಟುತ್ತಾರೆ,
ಒಂದಕ್ಷರ ತಪ್ಪಿ, ಅಳಿಸಿ, ಸರಿಮಾಡಿ.

ಆಮೇಲೆ ಎಲ್ಲರಿಗೂ ಮಾಡುವಂತೆ
ಸ್ಕ್ರೀನನ್ನು ನನ್ನ ಕಡೆ ತಿರುಗಿಸುತ್ತಾರೆ:
"ಹೆಸರು, ಹುಟ್ಟಿದ ತಾರೀಕು ಸರಿ ನೋಡಿಕೊಳ್ಳಿ.
ಒತ್ತಿದ ಮೇಲೆ ನನ್ನನ್ನು ಕೇಳಬಾರದು."
ಹುಟ್ಟಿದಂದಿನಿಂದ ನನಗೆ ಅವರು
ಬಹುವಚನ ಹಾಕಿದ್ದು ಇದೇ ಮೊದಲು.

ಶಮೀಲಾ. ಮ ದೀರ್ಘ. ಸರಿಯಿದೆ.
ಡಬ್ಬ ತುಂಬಿದೆ; ಚೆಲ್ಲಿ ಬರುತ್ತೇನೆ, ಇರಿ,
ಆಮೇಲೆ ಒತ್ತೋಣ.