ಉದುರು ಮೆಣಸು

ನಾಲ್ಕು ಇಂಜೆಕ್ಷನ್ ಆಗಿದೆ, ಇನ್ನೆರಡು ಬಾಕಿ.
ಮೈಸೂರಿನ ಡಾಕ್ಟರು ಬರೆದುಕೊಟ್ಟ ಚೀಟಿ
ಗೋಣಿಕೊಪ್ಪದ ಸಂತೆಯಲ್ಲಿ ಬಿಚ್ಚಿ ಮಡಚಿ, ಬಿಚ್ಚಿ ಮಡಚಿ
ಅಂಕಿ ಸವೆದಿದೆ. ಮೊತ್ತ ಸವೆದಿಲ್ಲ.

ಬಾಯಿಬಿಟ್ಟು ಕೇಳಿ ರೂಢಿಯಿಲ್ಲ ಚೋಂದಮ್ಮಕ್ಕ,
ಕೇಳುತ್ತಿದ್ದೇನೆ.
ತಿತಿಮತಿ ಗೇಟಿನಲ್ಲಿ ಯಾರೋ ಕಾರಿನಿಂದ ಇಳಿಸಿ ಹೋದದ್ದು,
ಗೊತ್ತಲ್ಲ, ಇದೇ ಬೊಟ್ಟ.

ಮಟನ್ ಅಂಗಡಿ ರಜಾಕ್ ಐನೂರು ಕೊಟ್ಟ, ಮೂಳೆ ಬೇರೆ.
‘ಈ ದುಡ್ಡಿಗೆ ನಾಲ್ಕು ಜಾತಿನಾಯಿ ಬರುತ್ತಲ್ಲಾ’
ಅಂದವರ ಕೈಯನ್ನೂ ನೆಕ್ಕಿತು.

ಲೈನ್‌ಮನೆಯ ಮುತ್ತಿ
ಸೆರಗಿನ ಗಂಟು ಬಿಚ್ಚಿ
ಹೆಕ್ಕಿಟ್ಟ ಉದುರು ಮೆಣಸು ಸುರಿದಳು:
‘ಮಾರ್ಕೊಳ್ಳಿ. ಆನೆ ಬಂದ ರಾತ್ರಿ
ಬೊಗಳಿ ಎಬ್ಬಿಸಿದ್ದು ಇದೇ ಅಲ್ವಾ.’

ತೂಗಿಸಿದೆ. ಇನ್ನೂರ ಎಂಬತ್ತು ಗ್ರಾಂ.
ಅಂಗಡಿಯವನು ಅರ್ಧ ಕಿಲೋ ಅಂತ ಬರೆದ.
ಇಬ್ಬರೂ ತಕ್ಕಡಿ ನೋಡಲಿಲ್ಲ.